ಕೊಟ್ಟು ಕೊಳ್ಳುವ ಜಾತ್ರೆ

ದೊಡ್ಡ ಪಟ್ಟಣಗಳಲ್ಲಿ ಒಂದು ಬಗೆಯ ಉತ್ಸವ ನಡೆಯುತ್ತದೆ. ಅದರ ಚಿತ್ರವನ್ನು ನೀವು ಪತ್ರಿಕೆಯಲ್ಲಿ ನೋಡಿರಬಹುದು. ಮೈದಾನದ ಸುತ್ತ ದೇಶದೇಶದ ಬಾವುಟ. ಒಂದೊಂದು ಬಾವುಟದ ಕೆಳಗೆ ಆ ದೇಶದ ತಿಂಡಿಯ ಅಂಗಡಿ. ಸಂಜೆಯಾದರೆ ಆಯಾ ನಾಡಿನವರ ಹಾಡು, ಕುಣಿತ. ‘ಅಂತರರಾಷ್ಟ್ರೀಯ ಸೌಹಾರ್ದ ಉತ್ಸವ’ ಎಂದು ಅದಕ್ಕೆ ದೊಡ್ಡ ಹೆಸರು. ಒಳ್ಳೆಯದೇ, ಬೇಡವೆನ್ನುವವರು ಯಾರು? ಆದರೆ ಬೆಳಿಗ್ಗೆ ಒಲೆ ಹಚ್ಚಿ, ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಯವರಿಗೆ ಔಷಧಿ ಕೊಟ್ಟು ಕೂರುವ ಹೊತ್ತಿಗೆ ಹನ್ನೊಂದಾಗುವ ನಮ್ಮ ನಿಮ್ಮಂಥವರು ಅಷ್ಟು ದೂರ ಹೋಗಿ ಅದನ್ನು ನೋಡುವುದು ಯಾವಾಗ?

ಹೋಗಬೇಕಾದ್ದೇ ಇಲ್ಲ ಕಣ್ರೀ! ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಸೀಮೆಗೆ ಒಂದು ಬುತ್ತಿ ಕಟ್ಟಿಕೊಂಡು ಹೋಗಿಬನ್ನಿ. ಅಲ್ಲಿ ಬಾವುಟವಿಲ್ಲ, ಭಾಷಣವಿಲ್ಲ. ಆದರೆ ನಾಡುನಾಡಿನ ಜನ ಒಂದೆಡೆ ಕೂಡುವುದು, ಒಬ್ಬರದನ್ನು ಇನ್ನೊಬ್ಬರು ಕೊಟ್ಟು ಕೊಳ್ಳುವುದು ತಲೆತಲಾಂತರದಿಂದ ನಡೆದು ಬಂದಿದೆ. ಅಲ್ಲಿನವರು ಅದನ್ನು ಜಾತ್ರೆ ಎನ್ನುತ್ತಾರೆ, ಉರುಸು ಎನ್ನುತ್ತಾರೆ, ಅಲಾಯಿ ಹಬ್ಬ ಎನ್ನುತ್ತಾರೆ.

ಬುತ್ತಿ ಎಂದೆನಲ್ಲ, ಮೊದಲು ಅದನ್ನೇ ಬಿಚ್ಚಿ ನೋಡೋಣ. ಆ ಸೀಮೆಯ ಬುತ್ತಿಯೆಂದರೆ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ, ತೊಗರಿಬೇಳೆಯ ಗಟ್ಟಿ ಪಲ್ಯ. ಇದಕ್ಕಿಂತ ಅಪ್ಪಟ ನಮ್ಮೂರ ಊಟ ಬೇರೆ ಉಂಟೇ ಎನ್ನುತ್ತೀರಿ. ಆದರೆ ಜೋಳದ ತವರು ಆಫ್ರಿಕಾ ಖಂಡ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದ ಕಾಳು ಅದು. ಶೇಂಗಾದ ತವರು ದಕ್ಷಿಣ ಅಮೆರಿಕ. ಒಣಮೆಣಸಿನಕಾಯಿಯೂ ಅಮೆರಿಕದ್ದೇ, ಪೋರ್ತುಗೀಜರು ಹಡಗಿನಲ್ಲಿ ತಂದು ನಮ್ಮ ಕರಾವಳಿಗೆ ಇಳಿಸಿದ್ದು. ತೊಗರಿ ಮಾತ್ರ ನಮ್ಮ ದೇಶದ ಮಗಳು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಸರಕಾರದ ಭೌಗೋಳಿಕ ಗುರುತೂ ಸಿಕ್ಕಿದೆ. ನೋಡಿ, ಹೊಲದ ಬದುವಿನ ಮೇಲೆ ಕುಳಿತು ನಮ್ಮ ಅಕ್ಕತಂಗಿಯರು ಬಿಚ್ಚುವ ಆ ಬಟ್ಟೆಯ ಗಂಟಿನಲ್ಲಿ ಮೂರು ಖಂಡಗಳು ಕೂಡಿವೆ! ಬಂದದ್ದನ್ನೆಲ್ಲ ಒಲೆಯ ಮುಂದೆ ಕೂರಿಸಿಕೊಂಡು ‘ನಮ್ಮದು’ ಮಾಡಿಕೊಂಡವರು ಹೆಣ್ಣುಮಕ್ಕಳು. ಈ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಮುಂದೆ ನಡೆಯೋಣ.

ಗಡಿ ದಾಟಿ ಬರುವ ಜನ

ಈ ಸೀಮೆ ನಮ್ಮ ರಾಜ್ಯದ ಅಂಚು. ಆಳಂದ ದಾಟಿದರೆ ಮಹಾರಾಷ್ಟ್ರದ ಅಕ್ಕಲಕೋಟೆ, ಉಮರ್ಗಾ. ಅದರಾಚೆ ಸೊಲ್ಲಾಪುರ. ಸೊಲ್ಲಾಪುರದ ಪೇಟೆಯಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಕಿವಿಗೆ ಬೀಳುತ್ತವೆ. ಗಡಿಯ ಈಚೆಯ ಮನೆಗಳಿಗೆ ಆಚೆಯಿಂದ ಸೊಸೆ ಬರುತ್ತಾಳೆ, ಈಚೆಯ ಮಗಳು ಆಚೆಗೆ ಹೋಗುತ್ತಾಳೆ.

ಇಂದು ಈ ಗಡಿಯನ್ನು ಬಸ್ಸಿನಲ್ಲಿ ಕುಳಿತು, ಕಣ್ಣು ಮುಚ್ಚಿ ಬಿಡುವುದರೊಳಗೆ ದಾಟಿಬಿಡುತ್ತೀರಿ. 1948ರ ಹಿಂದೆ ಹಾಗಿರಲಿಲ್ಲ. ಈ ಮೂರೂ ಊರುಗಳು ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿದ್ದವು. ಅಕ್ಕಲಕೋಟೆ ಬೇರೆಯೇ ಒಂದು ಪುಟ್ಟ ಸಂಸ್ಥಾನ. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ. ಸೊಲ್ಲಾಪುರದಿಂದ ಗಾಣಗಾಪುರದ ಯಾತ್ರೆಗೆ ಹೊರಟ ಒಬ್ಬ ತಾಯಿ ದಾರಿಯಲ್ಲಿ ಮೂರು ಆಳ್ವಿಕೆಗಳ ನೆಲ ತುಳಿಯಬೇಕಾಗಿತ್ತು ಎಂದರೆ ನಂಬುತ್ತೀರಾ? ನಿಜಾಮರ ಸೀಮೆಯಲ್ಲಿ ರೂಪಾಯಿಯೂ ಬೇರೆ. ಅದಕ್ಕೆ ‘ಹಾಲಿ ಸಿಕ್ಕಾ’ ಎಂದು ಹೆಸರು. ಬ್ರಿಟಿಷರ 6 ರೂಪಾಯಿ ಕೊಟ್ಟರೆ ಹೆಚ್ಚುಕಡಿಮೆ 7 ಹಾಲಿ ರೂಪಾಯಿ ಸಿಗುತ್ತಿತ್ತು. ಗಡಿಯಲ್ಲಿ ಸುಂಕ ಎತ್ತಲು ‘ಕರೋಡಗಿರಿ’ ಎಂಬ ಇಲಾಖೆಯೇ ಇತ್ತು. ದೇವರಿಗೆ ಹಾಕುವ ಕಾಣಿಕೆಯನ್ನೂ ಸೆರಗಿನಲ್ಲಿ ಎರಡು ಬಗೆಯ ನಾಣ್ಯವಾಗಿ ಕಟ್ಟಿಕೊಳ್ಳಬೇಕಾದ ಕಾಲ ಅದು! 1948ರ ಸೆಪ್ಟೆಂಬರ್ 17ರ ಮೇಲೆ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಕಲಬುರಗಿ ಜಿಲ್ಲೆ ಕನ್ನಡ ನಾಡಿಗೆ ಬಂತು. ಆಳುವವರು ಬದಲಾದರು, ನಾಣ್ಯ ಬದಲಾಯಿತು. ಯಾತ್ರೆಯ ಜನ ಮಾತ್ರ ಅಂದೂ ಬಂದರು, ಇಂದೂ ಬರುತ್ತಿದ್ದಾರೆ.

ಆಳಂದ: ಒಂದು ಅಂಗಳ, ಇಬ್ಬರು ಹಿರಿಯರು

ಕಲಬುರಗಿಯಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ಹೋದರೆ ಆಳಂದ. ಎರಡೂ ಕಡೆ ಕಪ್ಪು ಎರೆಭೂಮಿ, ತೊಗರಿಯ ಹೊಲ. ಊರೊಳಗೆ ಲಾಡ್ಲೆ ಮಶಾಕರ ದರ್ಗಾ. ಹಜರತ್ ಶೇಖ್ ಅಲಾವುದ್ದೀನ್ ಅನ್ಸಾರಿ ಎಂಬುದು ಅವರ ಪೂರ್ಣ ಹೆಸರು. ಕಾಲ 14ನೆಯ ಶತಮಾನ. ‘ಅನ್ಸಾರಿ’ ಎಂಬ ಆ ಮನೆತನದ ಹೆಸರು ದೂರದ ಅರಬರ ಮದೀನಾ ಪಟ್ಟಣವನ್ನು ನೆನಪಿಸುವಂಥದು. ಪ್ರವಾದಿಯವರು ಮೆಕ್ಕಾ ಬಿಟ್ಟು ಬಂದಾಗ ಅವರನ್ನು ಮನೆಗೆ ಕರೆದು ಅನ್ನ, ಆಸರೆ ಕೊಟ್ಟ ಮದೀನಾದ ಜನಕ್ಕೆ ‘ಅನ್ಸಾರ್’, ಅಂದರೆ ನೆರವಾದವರು, ಎಂದು ಹೆಸರಾಯಿತು. ಅತಿಥಿಗೆ ಬಾಗಿಲು ತೆರೆದವರ ಹೆಸರು ಅದು. ಎಷ್ಟು ಚಂದ ಅಲ್ಲವೇ?

ಅದೇ ಆವರಣದಲ್ಲಿ ರಾಘವಚೈತನ್ಯರ ಶಿವಲಿಂಗವಿದೆ. ರಾಘವಚೈತನ್ಯರು ಯಾರೆಂದು ತಿಳಿಯಲು ಒಬ್ಬ ಹೆಣ್ಣುಮಗಳನ್ನು ಕೇಳಬೇಕು. ಆಕೆಯ ಹೆಸರು ಬಹಿಣಾಬಾಯಿ. 17ನೆಯ ಶತಮಾನದ ಮರಾಠಿ ಸಂತೆ, ತುಕಾರಾಮರ ಶಿಷ್ಯೆ. ಗಂಡನ ಕೋಪ, ಹೊಡೆತ ಎಲ್ಲವನ್ನೂ ನುಂಗಿಕೊಂಡು, ಮನೆಗೆಲಸ ಬಿಡದೆ ಅಭಂಗ ಕಟ್ಟಿದ ಹೆಣ್ಣು. ಆಕೆ ತನ್ನ ಗುರುಪರಂಪರೆಯನ್ನು ಹೇಳುವಾಗ ರಾಘವಚೈತನ್ಯ, ಅವರ ಶಿಷ್ಯ ಕೇಶವಚೈತನ್ಯ, ಅವರ ಶಿಷ್ಯ ಬಾಬಾಜಿ, ಆಮೇಲೆ ತುಕಾರಾಮ, ಕಡೆಗೆ ತಾನು ಎಂದು ಎಣಿಸುತ್ತಾಳೆ. ಪಂಢರಪುರದ ದಾರಿಯಲ್ಲಿ ತಾಳ ಕುಟ್ಟುತ್ತ ಹೋಗುವ ಲಕ್ಷಾಂತರ ವಾರಕರಿಗಳ ನೆಚ್ಚಿನ ತುಕೋಬಾನ ಗುರುಮನೆಯ ಒಂದು ಬೇರು ನಮ್ಮ ಆಳಂದದ ಮಣ್ಣಿನಲ್ಲಿ, ಒಂದು ದರ್ಗಾದ ಅಂಗಳದಲ್ಲಿ ಇದೆ ಎಂಬುದು ಭಕ್ತರ ನಂಬಿಕೆ.

ನಾವು ನಾಲ್ವರು ಹೆಣ್ಣುಮಕ್ಕಳು ಅಲ್ಲಿಗೆ ಹೋದದ್ದು ಗದ್ದಲವಿಲ್ಲದ ಒಂದು ಗುರುವಾರ. ಹಸಿರು ಬಳೆ ತೊಟ್ಟ ಒಬ್ಬ ಅಜ್ಜಿ ಸ್ಟೀಲು ಡಬ್ಬಿಯಲ್ಲಿ ಮಾಲ್ದಿ ತಂದಿದ್ದರು. ಹಣೆಯಲ್ಲಿ ವಿಭೂತಿ. “ಮೊಮ್ಮಗಗ ಜ್ವರ ಬಂದಿತ್ತು, ಬೇಡ್ಕೊಂಡಿದ್ನೆವ್ವ” ಎಂದರು. ಓದಿಕೆ ಮಾಡಿಸಿ ಒಂದು ಪಾಲು ಅಲ್ಲಿ ಕೊಟ್ಟು, ಉಳಿದದ್ದನ್ನು ಗುರುತಿಲ್ಲದ ನಮ್ಮ ಅಂಗೈಗೂ ಹಾಕಿದರು. ಈ ‘ಮಾಲ್ದಿ’ ಎಂಬ ಮಾತು ಎಲ್ಲಿಂದ ಬಂತು ಗೊತ್ತೇ? ಪಾರಸಿ ಭಾಷೆಯಲ್ಲಿ ‘ಮಾಲೀದಾ’ ಎಂದರೆ ತಿಕ್ಕಿದ್ದು, ಹಿಸುಕಿದ್ದು. ಚಪಾತಿಯನ್ನು ಅಂಗೈಯಲ್ಲಿ ತಿಕ್ಕಿ ತಿಕ್ಕಿ ಪುಡಿ ಮಾಡುತ್ತೇವಲ್ಲ, ಅದೇ! ಇರಾನಿನ ಮಾತು ಬಂದು ಆಳಂದದ ಅಜ್ಜಿಯ ಡಬ್ಬಿಯಲ್ಲಿ ಕೂತಿದೆ; ಅಜ್ಜಿಗೆ ಅದು ಅಚ್ಚ ಕನ್ನಡ. ಮಾಡುವ ಬಗೆಯನ್ನು ಕೊನೆಯಲ್ಲಿ ಹೇಳುತ್ತೇನೆ, ಪುಟ ತಿರುಗಿಸಿಬಿಡಬೇಡಿ.

ಎಲ್ಲ ಚಂದವೇ ಇದೆ ಎಂದು ಹೇಳಿ ನಿಮ್ಮನ್ನು ಕಳಿಸಿದರೆ ತಪ್ಪಾಗುತ್ತದೆ. 2022ರ ಮಾರ್ಚ್ 1, ಮಹಾಶಿವರಾತ್ರಿಯಂದು ಇದೇ ಸ್ಥಳದ ಸುತ್ತ ಕಲ್ಲು ತೂರಾಟವಾಯಿತು, ಊರಿಗೆ ನಿಷೇಧಾಜ್ಞೆ ಬಂತು. ಆಮೇಲೆ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. 2025ರ ಶಿವರಾತ್ರಿಗೆ ಹೈಕೋರ್ಟಿನ ಕಲಬುರಗಿ ಪೀಠ ಲಿಂಗದ ಪೂಜೆಗೆ 15 ಮಂದಿ ಹೋಗಬಹುದು ಎಂದು ಅಪ್ಪಣೆ ಕೊಟ್ಟಿತು. ಸುತ್ತ ಪೊಲೀಸರ ಕಾವಲು. ಯಾರದು ಸರಿ, ಯಾರದು ತಪ್ಪು ಎಂದು ಹೇಳಲು ನಾನು ವಕೀಲಳಲ್ಲ. ಆದರೆ ಮನೆ ನಡೆಸುವವರಿಗೆ ಒಂದು ಮಾತು ಗೊತ್ತು. ಒಂದೇ ಅಂಗಳದ ಅಣ್ಣತಮ್ಮಂದಿರು ನೀರಿನ ಕೊಡಕ್ಕೆ ಹೊತ್ತು ಗೊತ್ತು ಮಾಡಿಕೊಳ್ಳಲು ಪಂಚರನ್ನು ಕರೆಸಿದರೆ, ಆ ಮನೆಯಲ್ಲಿ ಏನೋ ಕಳೆದುಹೋಗಿದೆ ಎಂದೇ ಅರ್ಥ. ಆ ಅಜ್ಜಿಯನ್ನು ಈ ಬಗ್ಗೆ ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, “ನಾ ಡಬ್ಬಿ ತರೂದು ಬಿಟ್ಟಿಲ್ಲವ್ವ” ಎಂದಷ್ಟೇ ಹೇಳಿದರು.

ಗಾಣಗಾಪುರ: ಐದು ಮನೆಯ ಭಿಕ್ಷೆ

ಆಳಂದ ತಾಲ್ಲೂಕಿನಲ್ಲಿ ಅಮರ್ಜಾ ಎಂಬ ಒಂದು ಸಣ್ಣ ನದಿಯಿದೆ. ಕೊರಳ್ಳಿಯ ಹತ್ತಿರ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಅದರ ಬೆನ್ನು ಹಿಡಿದು ಹೋದರೆ ಅದು ನಿಮ್ಮನ್ನು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಅಮರ್ಜೆ ಭೀಮೆಯನ್ನು ಕೂಡುತ್ತಾಳೆ. ಭೀಮೆಯಾದರೋ ಮಹಾರಾಷ್ಟ್ರದ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ವಿಠ್ಠಲನ ಪಾದದ ಊರು ಸುತ್ತಿ ಇಲ್ಲಿಗೆ ಬಂದವಳು. ನದಿಗೆ ಯಾವ ಗಡಿ, ಯಾವ ಭಾಷೆ ಹೇಳಿ?

ಗಾಣಗಾಪುರದ ಗುರು ನೃಸಿಂಹ ಸರಸ್ವತಿಗಳೂ ಹಾಗೇ ಬಂದವರೇ. ವಿದರ್ಭದ ಕಾರಂಜಾದಲ್ಲಿ ಹುಟ್ಟಿದವರು. ಕೃಷ್ಣಾತೀರದ ನರಸೋಬಾವಾಡಿಯಲ್ಲಿ ಕೆಲಕಾಲವಿದ್ದು, 15ನೆಯ ಶತಮಾನದಲ್ಲಿ ಗಾಣಗಾಪುರಕ್ಕೆ ಬಂದು ನೆಲೆಸಿದರು. ಕಡೆಗೆ ಪಾದುಕೆಗಳನ್ನು ಇಲ್ಲಿ ಬಿಟ್ಟು ಶ್ರೀಶೈಲದ ಕದಳೀವನಕ್ಕೆ ಹೊರಟುಹೋದರು ಎಂದು ನಂಬಿಕೆ. ಭಕ್ತರಿಗೆ ಅವರು ದತ್ತಾತ್ರೇಯನ ಅವತಾರ. ಅವರ ಕಥೆಯನ್ನು ‘ಗುರುಚರಿತ್ರೆ’ ಎಂದು ಮರಾಠಿಯಲ್ಲಿ ಬರೆದವರು ಸರಸ್ವತಿ ಗಂಗಾಧರ. ಸ್ವಾರಸ್ಯವೆಂದರೆ ಆ ಕವಿಯ ಮನೆಮಾತು ಕನ್ನಡ! ಮರಾಠಿ ತನಗೆ ಚೆನ್ನಾಗಿ ಬಾರದೆಂದು ಅವರೇ ಹೇಳಿಕೊಂಡಿದ್ದಾರೆ. ಆ ಪುಸ್ತಕದ ನಡುವೆ ಕನ್ನಡ ಪದಗಳೂ ಉಂಟು. ಒಬ್ಬ ಕನ್ನಡಿಗ ಬರೆದ ಪುಸ್ತಕ ಇಂದು ಮಹಾರಾಷ್ಟ್ರದ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿ ಕೆಂಪು ವಸ್ತ್ರದಲ್ಲಿ ಸುತ್ತಿಟ್ಟ ಪಾರಾಯಣ ಗ್ರಂಥ.

ಆ ಪುಸ್ತಕದಲ್ಲಿ ನಮ್ಮಂಥವರ ಕಥೆಗಳು ಬೇಕಾದಷ್ಟಿವೆ. ಬಡ ಬ್ರಾಹ್ಮಣನ ಮನೆಗೆ ಗುರು ಭಿಕ್ಷೆಗೆ ಬಂದು ಹಾಲು ಕೇಳುತ್ತಾರೆ. “ಇದು ಗೊಡ್ಡೆಮ್ಮೆ, ಹಾಲೆಲ್ಲಿಂದ ತರಲಿ?” ಎಂದು ಮನೆಯಾಕೆ ನಾಚುತ್ತಾಳೆ. “ಕರೆದು ನೋಡು ತಾಯಿ” ಎನ್ನುತ್ತಾರೆ ಗುರು. ಕೆಚ್ಚಲಿಗೆ ಕೈ ಹಾಕಿದರೆ ಪಾತ್ರೆ ತುಂಬ ಹಾಲು. ಹಾಗೆಯೇ ಬೀದರಿನ ಮುಸಲ್ಮಾನ ಸುಲ್ತಾನನ ಕಥೆ. ತೊಡೆಯಲ್ಲಿ ಎದ್ದ ಹುಣ್ಣು ಯಾವ ಹಕೀಮನಿಗೂ ವಾಸಿಯಾಗದೆ, ಆತ ಗಾಣಗಾಪುರದ ಸಂಗಮಕ್ಕೆ ಬಂದು ಗುರುವಿಗೆ ಕೈ ಮುಗಿಯುತ್ತಾನೆ. ಹಿಂದಿನ ಜನ್ಮದಲ್ಲಿ ಆತ ಒಬ್ಬ ಅಗಸ, ಗುರುವಿನ ಸೇವಕ ಎಂದು ಕಥೆ ಹೇಳುತ್ತದೆ. ನಡೆಯಿತೋ ಇಲ್ಲವೋ ಎಂದು ತಕರಾರು ತೆಗೆಯಬೇಡಿ. ಸುಲ್ತಾನ, ಅಗಸ, ಸಂನ್ಯಾಸಿ ಮೂವರನ್ನೂ ಒಂದು ಕಥೆಯಲ್ಲಿ ಕೂರಿಸಬೇಕೆಂದು ಅಂದಿನವರಿಗೆ ತೋಚಿತಲ್ಲ, ಅದನ್ನು ನೋಡಿ.

ಮಾರ್ಗಶಿರ ಹುಣ್ಣಿಮೆಯ ದತ್ತ ಜಯಂತಿ, ಮಾಘ ಬಹುಳ ಪಾಡ್ಯದ ಗುರುಪ್ರತಿಪದ ಇಲ್ಲಿಯ ದೊಡ್ಡ ದಿನಗಳು. ಪುಣೆ, ಮುಂಬಯಿ, ಹೈದರಾಬಾದು, ಗೋವೆ, ಎಲ್ಲೆಲ್ಲಿಂದಲೋ ಜನ. ಸಂಗಮದಲ್ಲಿ ಮುಳುಗಿ, ಅತ್ತಿಮರಕ್ಕೆ ಸುತ್ತು ಬಂದು, ಮಠಕ್ಕೆ ಹೋಗಿ ಪುಟ್ಟ ಕಿಂಡಿಯೊಳಗಿಂದ ನಿರ್ಗುಣ ಪಾದುಕೆಯ ದರ್ಶನ ಮಾಡುತ್ತಾರೆ. ಆದರೆ ನಾನು ನಿಮಗೆ ತೋರಿಸಬೇಕೆಂದಿರುವುದು ಇದರ ಮುಂದಿನದು, ಮಧ್ಯಾಹ್ನದ ಮಧುಕರಿ.

ಮಟಮಟ ಮಧ್ಯಾಹ್ನ ಗಾಣಗಾಪುರದಲ್ಲಿ ಗುರು ಯಾವುದಾದರೊಂದು ವೇಷದಲ್ಲಿ ಭಿಕ್ಷೆಗೆ ಬರುತ್ತಾರೆ ಎಂದು ನಂಬಿಕೆ. ಹೀಗಾಗಿ ಬಂದವರೆಲ್ಲ ಐದು ಮನೆಗಳಲ್ಲಾದರೂ ಭಿಕ್ಷೆ ಬೇಡಿ ಉಣ್ಣಬೇಕು. ಎಲ್ಲರೂ ಎಂದರೆ ಎಲ್ಲರೂ! ಕಾರಿನಲ್ಲಿ ಬಂದವರೂ, ಬರಿಗಾಲಲ್ಲಿ ಬಂದವರೂ. ಅಷ್ಟೇ ಅಲ್ಲ, ಕೈಲಾದವರು ತಾವೂ ಅಡುಗೆ ಮಾಡಿ, ಬೇಡಲು ಬಂದವರಿಗೆ ಬಡಿಸಬೇಕು. ಬೆಳಿಗ್ಗೆ ಬಡಿಸಿದ ಕೈ ಮಧ್ಯಾಹ್ನ ಜೋಳಿಗೆ ಹಿಡಿಯುತ್ತದೆ.

ನಿಜ ಹೇಳುತ್ತೇನೆ, ನನಗೆ ಬೇಡಲು ಬಹಳ ಸಂಕೋಚವಾಯಿತು. ಇಪ್ಪತ್ತೈದು ವರ್ಷ ಬಡಿಸಿ ಗೊತ್ತು, ಬೇಡಿ ಗೊತ್ತಿಲ್ಲ. ನೀವಾದರೂ ಅಷ್ಟೇ. ಮೊದಲ ಬಾಗಿಲಲ್ಲಿ ನಿಂತಾಗ ದನಿಯೇ ಹೊರಡಲಿಲ್ಲ. ನನ್ನ ಪಕ್ಕದಲ್ಲಿ ಪುಣೆಯ ಕಡೆಯ ಒಬ್ಬ ಹೆಂಗಸು, ಒಂಬತ್ತು ಗಜದ ಸೀರೆ, ಕೈಯಲ್ಲಿ ಬಟ್ಟೆಯ ಜೋಳಿಗೆ. ಆಕೆಯೂ ನಾಚಿಕೊಂಡೇ ನಿಂತಿದ್ದರು. ಒಳಗಿನಿಂದ ಮನೆಯಾಕೆ ಬಂದು ಆಕೆಗೆ ಅರ್ಧ ರೊಟ್ಟಿ, ಪುಂಡಿಪಲ್ಯ ಹಾಕಿ ಮರಾಠಿಯಲ್ಲಿ, “ಘ್ಯಾ ತಾಈ” ಎಂದರು. ಆಕೆ ಕನ್ನಡದಲ್ಲಿ, “ಸಾಕ್ರೀ ಅಕ್ಕಾ” ಎಂದರು! ಮರಾಠಿಯಲ್ಲಿ ‘ತಾಈ’ ಎಂದರೆ ಅಕ್ಕ. ನಮ್ಮ ಕಿವಿಗೆ ಅದು ತಾಯಿ ಎಂದು ಕೇಳುತ್ತದೆ. ಅಕ್ಕ ಎಂದದ್ದು ಅಮ್ಮ ಎಂದು ಕೇಳಿಸಿದರೆ ನಷ್ಟ ಯಾರಿಗೆ? ಆಮೇಲೆ ನಾಲ್ಕು ಮನೆಗಳನ್ನು ನಾವಿಬ್ಬರೂ ಜೊತೆಯಾಗಿಯೇ ಮುಗಿಸಿದೆವು. ಒಂದು ಮನೆಯ ಅನ್ನ, ಒಂದರ ರೊಟ್ಟಿ, ಒಂದರ ಝುಣಕ, ಒಂದರ ಹುಗ್ಗಿ, ಒಂದರ ಬೇಳೆಸಾರು. ಎಲ್ಲ ಕಲೆತ ಆ ಊಟಕ್ಕೆ ಯಾವ ಪಾಕಪುಸ್ತಕದಲ್ಲೂ ಹೆಸರಿಲ್ಲ.

ಆ ಹೊತ್ತಿಗೆ ನನಗೆ ಒಂದು ವಿಷಯ ಹೊಳೆಯಿತು. ಕೊಡುವುದು ಸುಲಭ, ಅದರಲ್ಲಿ ನಮ್ಮ ದೊಡ್ಡಸ್ತಿಕೆ ಉಳಿದಿರುತ್ತದೆ. ಕೈ ಚಾಚುವುದೇ ಕಷ್ಟ. ಎರಡನ್ನೂ ಒಂದೇ ದಿನ ಮಾಡಿಸುವ ಜಾತ್ರೆ ಇದು.

ಅದೇ ತಾಲ್ಲೂಕಿನ ಘತ್ತರಗಿಯಲ್ಲಿ, ಅದೇ ಭೀಮೆಯ ದಂಡೆಯ ಮೇಲೆ ಭಾಗ್ಯವಂತಿ ದೇವಿಯ ಗುಡಿ. ಅಲ್ಲಿಗೂ ಗಡಿಯಾಚೆಯ ಹೆಣ್ಣುಮಕ್ಕಳು ಹಸಿರು ಬಳೆ, ಕುಪ್ಪಸ ಹಿಡಿದು ಬರುತ್ತಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಹರಿದು ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿದಳು. ಮೇಲೆ ಮಹಾರಾಷ್ಟ್ರದಲ್ಲಿ ಮಳೆ, ಕೆಳಗೆ ನಮ್ಮವರ ಮನೆಯಲ್ಲಿ ನೀರು. ಬೇಸಿಗೆಯಲ್ಲಿ ಇದೇ ನದಿ ಒಣಗಿ, ಮೇಲಿನವರು ನೀರು ಬಿಟ್ಟಾರೇ ಎಂದು ಕಾಯುವ ಪಾಡು. ಎರಡು ರಾಜ್ಯಗಳು ಒಬ್ಬರ ಮಾತು ಒಬ್ಬರು ಕೇಳಿಸಿಕೊಳ್ಳಬೇಕಾದ್ದು ಜಾತ್ರೆಯ ದಿನ ಮಾತ್ರ ಅಲ್ಲ ಎಂದು ಆ ಹಳ್ಳಿಗಳ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ದಾರಿಯಲ್ಲೊಂದು ಪಾಳು ಪಟ್ಟಣ

ಕಲಬುರಗಿಗೆ ಹಿಂದಿರುಗಿ ಅಲ್ಲಿಂದ ಜೇವರ್ಗಿಯ ಬಸ್ಸು ಹತ್ತಿ. ಸುಮಾರು 25 ಕಿಲೋಮೀಟರು ಹೋದ ಮೇಲೆ, ಭೀಮೆಯ ಈಚೆ ದಂಡೆಯಲ್ಲಿ ಫಿರೋಜಾಬಾದ್ ಎಂಬ ಹಳ್ಳಿ. ದೊಡ್ಡ ದೊಡ್ಡ ಕಲ್ಲಿನ ಗೋಡೆ, ಬಾಗಿಲು, ಪಾಳು ಮಸೀದಿ, ಗುಮ್ಮಟದ ಸ್ನಾನದ ಮನೆ. ನಡುವೆ ಹೊಲ, ಮೇಕೆ. ಸುಮಾರು 1400ರಲ್ಲಿ ಬಹಮನಿ ಸುಲ್ತಾನ ಫಿರೋಜ್ ಶಹಾ ಕಟ್ಟಿಸಿದ ಅರಮನೆಯ ಪಟ್ಟಣ ಇದು.

ಈ ಫಿರೋಜ್ ಶಹಾ ಬಹಳ ಓದಿದ ಅರಸ. ಗೋವೆ, ಚೌಲದ ಬಂದರುಗಳಿಂದ ವರ್ಷವರ್ಷ ಹಡಗು ಕಳಿಸಿ ದೇಶದೇಶದ ಪಂಡಿತರನ್ನು, ಅಪರೂಪದ ವಸ್ತುಗಳನ್ನು ತರಿಸುತ್ತಿದ್ದನಂತೆ. ಇನ್ನೂರು ವರ್ಷದ ಮೇಲೆ ಬಿಜಾಪುರದಲ್ಲಿ ಕುಳಿತು ಚರಿತ್ರೆ ಬರೆದ ಫೆರಿಸ್ತಾ ಈ ಸಂಗತಿ ಹೇಳಿ, ಇನ್ನೊಂದನ್ನೂ ಹೇಳುತ್ತಾನೆ. ಆತನ ಜನಾನಾದಲ್ಲಿ ಅರಬ್ಬಿ, ತುರ್ಕಿ, ಯುರೋಪು, ಚೀನಾ, ಆಫ್ಘಾನಿಸ್ತಾನ, ಬಂಗಾಳ, ಗುಜರಾತ, ತೆಲಂಗಾಣ, ಮಹಾರಾಷ್ಟ್ರ ಎಂದು ನಾನಾ ದೇಶಗಳ ಹೆಂಗಸರಿದ್ದರು. ಅರಸ ಒಬ್ಬೊಬ್ಬರೊಡನೆಯೂ ಅವರವರ ಭಾಷೆಯಲ್ಲೇ ಮಾತಾಡುತ್ತಿದ್ದ! ವಿಜಯನಗರದ ಅರಸನ ಮಗಳೂ ಯುದ್ಧದ ಸಂಧಿಗೆಂದು ಆತನ ಹೆಂಡತಿಯಾಗಿ ಬಂದಳು ಎಂದೂ ಬರೆದಿದ್ದಾನೆ.

ಓದಿದರೆ ಮೊದಲು ಆಶ್ಚರ್ಯವಾಗುತ್ತದೆ. ಅಷ್ಟು ಭಾಷೆ, ಅಷ್ಟು ದೇಶ, ಎಲ್ಲ ನಮ್ಮ ಜೇವರ್ಗಿ ದಾರಿಯಲ್ಲಿ! ಆಮೇಲೆ ಆ ಪಾಳುಗೋಡೆಯ ನೆರಳಲ್ಲಿ ಕುಳಿತು ರೊಟ್ಟಿ ಮುರಿಯುವಾಗ ಮನಸ್ಸು ಕೇಳುತ್ತದೆ: ಅವರಲ್ಲಿ ಎಷ್ಟು ಮಂದಿ ತಾವಾಗಿ ಬಂದವರು? ತವರಿನ ಕಡೆಯಿಂದ ಒಂದು ಸುದ್ದಿ ಬಂದೀತೇ ಎಂದು ಈ ಭೀಮೆಯ ಕಡೆ ನೋಡುತ್ತ ಎಷ್ಟು ಸಂಜೆ ಕಳೆದರೋ? ಅರಸ ಅವರ ಮಾತು ಕಲಿತನೆಂದು ಪುಸ್ತಕದಲ್ಲಿ ಬರೆದಿದೆ. ಅವರು ಏನು ಹೇಳಿದರೆಂದು ಯಾರೂ ಬರೆದಿಲ್ಲ.

ಬೇರೆ ಬೇರೆ ದೇಶದವರನ್ನು ಒಂದು ಗೋಡೆಯೊಳಗೆ ತಂದು ಸೇರಿಸಿದ ಮಾತ್ರಕ್ಕೆ ಸೌಹಾರ್ದವಾಗುವುದಿಲ್ಲ. ಬರುವವರು ತಮ್ಮ ಕಾಲ ಮೇಲೆ ಬರಬೇಕು, ಬೇಕೆಂದಾಗ ಹಿಂದಿರುಗಬೇಕು. ಗಾಣಗಾಪುರಕ್ಕೆ ಪುಣೆಯ ಆ ಹೆಂಗಸು ಬಂದದ್ದು ಹಾಗೆ. ಆಳಂದಕ್ಕೆ ಆ ಅಜ್ಜಿ ಬರುವುದು ಹಾಗೆ. ಫಿರೋಜನ ಪಟ್ಟಣ ಬಹಳ ಕಾಲ ಬಾಳಲಿಲ್ಲ. ಜಾತ್ರೆಗಳು ಬಾಳಿವೆ.

ಜೇವರ್ಗಿ: ಕನ್ನಡ ಹಾಡುವ ಕರ್ಬಲಾ

ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿದರೆ ಜೇವರ್ಗಿ ಸೀಮೆ. ಕಲಬುರಗಿಯಲ್ಲಿ ದಾಸೋಹದ ಮನೆ ಕಟ್ಟಿ ಬೆಳೆಸಿದ ಶರಣಬಸವೇಶ್ವರರು 1746ರಲ್ಲಿ ಹುಟ್ಟಿದ ಅರಳಗುಂಡಗಿ ಈ ಸೀಮೆಯ ಊರು. ಹಾಗೆಯೇ ತತ್ವಪದಕಾರ ಮಡಿವಾಳಪ್ಪನವರ ಕಡಕೋಳ. ಕಡಕೋಳ ಈಗ ಹೊಸದಾದ ಯಡ್ರಾಮಿ ತಾಲ್ಲೂಕಿಗೆ ಸೇರಿದೆ, ಮೊದಲು ಜೇವರ್ಗಿಯದೇ. ಮಡಿವಾಳಪ್ಪನವರ ಶಿಷ್ಯರಲ್ಲಿ ಖೈನೂರಿನ ಕೃಷ್ಣಪ್ಪ, ತೆಲಗಬಾಳದ ರೇವಪ್ಪ ಇದ್ದಂತೆ ಚನ್ನೂರಿನ ಜಲಾಲ ಸಾಹೇಬರೂ ಇದ್ದರು. ಲಿಂಗಾಯತ ಮಠದ ಗುರುವಿಗೆ ಮುಸಲ್ಮಾನ ಶಿಷ್ಯ. ಶಿಷ್ಯ ಕಟ್ಟಿದ ಪದ ಕನ್ನಡ. ಇಂದಿಗೂ ರಾತ್ರಿಯ ಭಜನೆಗೆ ಏಕತಾರಿ, ದಿಮ್ಮು ಹಿಡಿದು ಕೂತವರು ಇವರ ಪದಗಳನ್ನು ಹಾಡುವಾಗ ಜಾತಿ ಕೇಳುವುದಿಲ್ಲ.

ಈ ಸೀಮೆಯನ್ನು ನೋಡಬೇಕಾದರೆ ಮೊಹರಂ ಹೊತ್ತಿಗೆ ಬರಬೇಕು. ಹಳ್ಳಿಯವರು ಅದನ್ನು ‘ಅಲಾಯಿ ಹಬ್ಬ’ ಎನ್ನುತ್ತಾರೆ. 680ರಲ್ಲಿ ದೂರದ ಇರಾಕಿನ ಕರ್ಬಲಾ ಮೈದಾನದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು, ಅವರ ಮನೆಯವರು ನೀರಿಗೆ ಬಾಯಾರಿ, ಹೋರಾಡಿ ಮಡಿದರು. ಆ ದುಃಖವನ್ನು ನಮ್ಮ ಜೋಳದ ಹೊಲದ ಜನ ‘ರಿವಾಯತ’ ಎಂಬ ಕನ್ನಡ ಪದಗಳಲ್ಲಿ ಹಾಡುತ್ತಾರೆ. ಕಾಲಿಗೆ ಗೆಜ್ಜೆ ಕಟ್ಟಿ, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತಾರೆ. ಉತ್ತರ ಕರ್ನಾಟಕದಲ್ಲಿ ಮುಸಲ್ಮಾನರ ಒಂದು ಮನೆಯೂ ಇಲ್ಲದ ಊರಿನಲ್ಲಿ ಕೂಡ ಪಂಜಾ ದೇವರನ್ನು ಕೂರಿಸುವುದುಂಟು. ಮಗುವಾದರೆ ಫಕೀರನನ್ನು ಮಾಡಿಸುತ್ತೇನೆ ಎಂದು ಹರಕೆ ಹೊತ್ತ ತಾಯಂದಿರು ಆ ಮಗುವಿನ ಕೊರಳಿಗೆ ಬಣ್ಣದ ದಾರ ಹಾಕಿಸುತ್ತಾರೆ. ಮನೆಮನೆಯಲ್ಲಿ ಚೋಂಗೆ, ಮಾಲ್ದಿ.

ಬಾಯಾರಿ ಸತ್ತ ಮಗುವಿನ ಕಥೆ ಬಂದಾಗ ಕೇಳುವ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ನೀರಿಲ್ಲದ ಬೇಸಿಗೆ ಏನೆಂದು ಈ ನೆಲದ ತಾಯಂದಿರಿಗೆ ಗೊತ್ತು. ಇರಾಕು ಎಲ್ಲಿದೆಯೆಂದು ಗೊತ್ತಿರಬೇಕಾಗಿಲ್ಲ.

ನೀವು ಹೊರಡುವ ಮುನ್ನ

ಕಲಬುರಗಿಗೆ ರೈಲುಂಟು. ಗಾಣಗಾಪುರ ರೋಡ್ ಎಂಬ ಸ್ಟೇಷನ್ನಿನಿಂದ ಗುಡಿಗೆ ಇನ್ನೂ ಸುಮಾರು 20 ಕಿಲೋಮೀಟರು ಇದೆ. ಹೆಸರು ನೋಡಿ ಮೋಸಹೋಗಬೇಡಿ. ಜೇವರ್ಗಿಗೆ ಕಲಬುರಗಿಯಿಂದ ಸುಮಾರು 40 ಕಿಲೋಮೀಟರು. ಬಸ್ಸಿನ ಖರ್ಚಿನ ಚಿಂತೆ ಬೇಡ. 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೆಟ್ಟಿಗೆ ಹಣವಿಲ್ಲ. ಗುರುತಿನ ಚೀಟಿ ಮರೆಯಬೇಡಿ. ಬೇಸಿಗೆಯ ಬಿಸಿಲು ಬಹಳ, ಆದ್ದರಿಂದ ಕಾರ್ತೀಕದಿಂದ ಮಾಘದೊಳಗೆ ಹೋಗಿ. ನದಿ ತುಂಬಿದಾಗ ಸಂಗಮಕ್ಕೆ ಇಳಿಯಬೇಡಿ. ದರ್ಗಾದಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಹೆಂಗಸರು ಎಲ್ಲಿಯವರೆಗೆ ಹೋಗಬಹುದೆಂದು ಅಲ್ಲಿಯವರನ್ನು ಕೇಳಿಕೊಳ್ಳಿ. ಮಧುಕರಿಗೆ ಒಂದು ತಟ್ಟೆ ಅಥವಾ ಬಟ್ಟೆಯ ಜೋಳಿಗೆ ಇರಲಿ. ಕೊಡಲು ಒಂದಿಷ್ಟು ಮನೆಯ ತಿಂಡಿಯೂ ಇರಲಿ, ಬರಿಗೈಯಲ್ಲಿ ಬೇಡಲು ಹೋಗಬಾರದು ನೋಡಿ!

ಮಾಲ್ದಿ ಮಾಡುವ ಬಗೆ

ಬೇಕಾದ್ದು: ಗೋಧಿ ಹಿಟ್ಟು 2 ಲೋಟ, ಪುಡಿ ಮಾಡಿದ ಬೆಲ್ಲ 1 ಲೋಟ, ತುಪ್ಪ 4 ದೊಡ್ಡ ಚಮಚ, ತುರಿದ ಒಣಕೊಬ್ಬರಿ ಅರ್ಧ ಲೋಟ, ಪುಠಾಣಿ 2 ಚಮಚ, ಹುರಿದ ಗಸಗಸೆ 1 ಚಮಚ, ಏಲಕ್ಕಿ 4, ಚಿಟಿಕೆ ಉಪ್ಪು.

ಹಿಟ್ಟಿಗೆ ಉಪ್ಪು, ಒಂದು ಚಮಚ ತುಪ್ಪ ಹಾಕಿ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಬಿಡಿ. ದಪ್ಪ ಚಪಾತಿ ಲಟ್ಟಿಸಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಕಂದುಚುಕ್ಕಿ ಬರುವವರೆಗೆ ಬೇಯಿಸಿ. ಕೈ ತಡೆಯುವಷ್ಟು ಬಿಸಿಯಿರುವಾಗಲೇ ಮುರಿದು, ಎರಡೂ ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ. ಆರಿದರೆ ಪುಡಿಯಾಗುವುದಿಲ್ಲ. ಬೆಲ್ಲ, ಉಳಿದ ತುಪ್ಪ, ಕೊಬ್ಬರಿ, ಪುಠಾಣಿ, ಗಸಗಸೆ, ಏಲಕ್ಕಿ ಪುಡಿ ಬೆರೆಸಿ ಮತ್ತೆ ಚೆನ್ನಾಗಿ ತಿಕ್ಕಿ. ಹಾಗೇ ಬಡಿಸಬಹುದು, ಉಂಡೆಯನ್ನೂ ಕಟ್ಟಬಹುದು. ನಾಲ್ಕೈದು ಮಂದಿಗೆ ಸಾಕು. ಎರಡು ದಿನ ಕೆಡುವುದಿಲ್ಲ. ಬಿಸಿ ಹಾಲು ಹಾಕಿಕೊಂಡರೆ ಮಕ್ಕಳು ಇನ್ನೊಮ್ಮೆ ಕೇಳುತ್ತವೆ.

ಮಾಡಿದ ಮೇಲೆ ಒಂದು ಸಣ್ಣ ಬಟ್ಟಲನ್ನು ಪಕ್ಕದ ಮನೆಗೆ ಕೊಟ್ಟುಬನ್ನಿ. ಬೇರೆ ಭಾಷೆಯವರೋ, ಬೇರೆ ದೇವರವರೋ ಇದ್ದರೆ ಅವರಿಗೇ ಮೊದಲು. ಆ ಬಟ್ಟಲು ಖಾಲಿಯಾಗಿ ಹಿಂದಕ್ಕೆ ಬರುವುದಿಲ್ಲ ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದರು. ಅದರಲ್ಲಿ ಏನು ಬಂದರೂ ಬೇಡವೆನ್ನದೆ ಎರಡೂ ಕೈಯಿಂದ ತೆಗೆದುಕೊಳ್ಳಿ.